ಟೆಂಪೋ ಹೊರಡುವ ಮೊದಲು ಒಂದು ಫೋನ್ ಮಾಡಿ

ಮಗಾ, ನಿನ್ನ ಮೆಸೇಜ್ ನೋಡಿದೆ. ನಿಮ್ಮ ಕದ್ರಿ ಅಪಾರ್ಟ್‌ಮೆಂಟಿನವರು ಸೇರಿ ಬೆಳಗಾವಿ ಕಡೆ ನೆರೆಯಲ್ಲಿ ಮನೆ ಕಳಕೊಂಡವರಿಗೆ ಹಳೆ ಬಟ್ಟೆ, ಅಕ್ಕಿ, ನೀರಿನ ಬಾಟ್ಲಿ ಒಟ್ಟು ಮಾಡ್ತಿದ್ದೀರಿ, ಆದಿತ್ಯವಾರ ಟೆಂಪೋ ಹೊರಡ್ತದೆ, ಮನೆಯಲ್ಲಿ ಇದ್ದದ್ದು ಕೊಡಿ ಅಂತ ಬರ್ದಿದ್ದಿ. ಟೈಪ್ ಮಾಡ್ಲಿಕ್ಕೆ ಕೂತ್ರೆ ಮುಗಿಯುದಿಲ್ಲ, ಹಾಗೆ ವಾಯ್ಸ್ ಹಾಕ್ತಿದ್ದೇನೆ. ನಿಮ್ಮ ಮನಸ್ಸು ಒಳ್ಳೇದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಲೋಡ್ ಮಾಡುವ ಮೊದಲು ಅಲ್ಲಿ ಮನೆ ಕಳಕೊಂಡವರನ್ನು ಇಟ್ಟಿರುವ ಕಾಳಜಿ ಕೇಂದ್ರ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಎಂತ ಬೇಕು ಅಂತ ಕೇಳಿ. ಯಾಕೆ ಅಂತ ಹೇಳ್ತೇನೆ.

2019ರ ಆಗಸ್ಟಲ್ಲಿ ಬೆಳ್ತಂಗಡಿ ಕಡೆ, ಚಾರ್ಮಾಡಿ, ದಿಡುಪೆ ಆಚೆಯೆಲ್ಲ ಗುಡ್ಡ ಜರಿದು ಹೊಳೆ ತೋಟಕ್ಕೆ ನುಗ್ಗಿತ್ತಲ್ಲ, ಆಗ ನಾನು ಕಲಿಸ್ತಿದ್ದ ಶಾಲೆಯಲ್ಲೂ ಜನರನ್ನು ಇಟ್ಟಿದ್ರು. ಎಲ್ಲಕ್ಕಿಂತ ಮೊದಲು ಬಂದದ್ದು ಹಳೆ ಬಟ್ಟೆ. ಜರಿ ಸೀರೆ, ಮದುವೆ ಕೋಟು, ಜಿಪ್ ಹೋದ ಪ್ಯಾಂಟು. ವರಾಂಡದಲ್ಲಿ ರಾಶಿ ಬಿತ್ತು, ಮಳೆ ಎರಚಲು ಹೊಡೆದು ಒದ್ದೆ ಆಯ್ತು, ಮತ್ತೆ ಆ ಮುಗ್ಗಲು ವಾಸನೆ ಮಕ್ಕಳು ಮಲಗುವ ಕ್ಲಾಸಿಗೂ ಬರ್ಲಿಕ್ಕೆ ಶುರು. ಅದೇ ಹೊತ್ತಿಗೆ ಒಬ್ಬರು ಹೆಂಗಸು ಹತ್ತಿರ ಬಂದು ಮೆಲ್ಲ ಕೇಳಿದ್ರು, "ಟೀಚರ್, ಒಳಗೆ ಹಾಕುವ ಬಟ್ಟೆ ಹೊಸದು ಸಿಗ್ತದಾ? ಮಗಳಿಗೆ ಪ್ಯಾಡ್ ಉಂಟಾ?" ಅಂತ. ಅಷ್ಟು ದೊಡ್ಡ ರಾಶಿಯಲ್ಲಿ ಅದು ಎರಡೂ ಇರ್ಲಿಲ್ಲ.

ಇನ್ನು ಬೆಳಗಾವಿ ಕಡೆಯ ನೆರೆಯೇ ಬೇರೆ ಮಗಾ. ನಮ್ಮ ನೇತ್ರಾವತಿ, ಸುವರ್ಣಾ ಎಲ್ಲ ಘಟ್ಟ ಇಳಿದು ಬೇಗ ಸಮುದ್ರ ಸೇರುವ ಹೊಳೆಗಳು. 2020ರ ಸೆಪ್ಟೆಂಬರಲ್ಲಿ ಉಡುಪಿ ಮುಳುಗಿದಾಗ ರಾತ್ರಿ ಬೆಳಗಾಗುವುದರೊಳಗೆ ನೀರು ಏರಿತ್ತು, ಮಳೆ ಬಿಟ್ಟದ್ದೇ ಇಳಿಯಿತು. ಕೃಷ್ಣೆ ಹಾಗಲ್ಲ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ಅಲ್ಲಿಯ ಕೊಯ್ನಾ ಡ್ಯಾಮಿಂದ ನೀರು ಬಿಟ್ರೆ ಚಿಕ್ಕೋಡಿ ಕಡೆ ಊರಿಗೆ ನುಗ್ಗುತ್ತದೆ. ಘಟಪ್ರಭೆಗೆ ಹಿಡಕಲ್, ಮಲಪ್ರಭೆಗೆ ನವಿಲುತೀರ್ಥ, ಅಲ್ಲೂ ಡ್ಯಾಮ್ ತುಂಬಿದ್ರೆ ಅದೇ ಕಥೆ. ನೆಲ ಸಪಾಟು, ನೀರು ದಿನಗಟ್ಟಲೆ ನಿಲ್ತದೆ. ಮಣ್ಣಿನ ಗೋಡೆ ನೆನೆದು ನೀರು ಇಳಿದ ಮೇಲೂ ಕುಸಿಯುತ್ತದೆ. ಜನ ಎಮ್ಮೆ, ಎತ್ತು ಹೊಡ್ಕೊಂಡೇ ಬರ್ತಾರೆ. ಅವಕ್ಕೆ ಮೇವು ಬೇಡವಾ? ನಮ್ಮ ಲಿಸ್ಟಲ್ಲಿ ಅದು ನೆನಪೇ ಆಗುದಿಲ್ಲ.

ಅಕ್ಕಿಯದ್ದೂ ಹಾಗೇ. ನಮ್ಮ ಕುಚ್ಚಲಕ್ಕಿ ಅವರಿಗೆ ಅಭ್ಯಾಸ ಇಲ್ಲ. ಅದು ಬೇಯ್ಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ನಿನ್ನ ಅಮ್ಮನನ್ನು ಕೇಳು, ಮನೆ ಇಲ್ಲದವರು ಅಷ್ಟು ಸೌದೆ ಎಲ್ಲಿಂದ ತರುವುದು? ಅವರಿಗೆ ಬೇಕಾದದ್ದು ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆ, ಶೇಂಗಾ. ಅದೆಲ್ಲ ಹುಬ್ಬಳ್ಳಿಯಲ್ಲೇ ಸಿಗ್ತದೆ. ಈ ಮಳೆಗೆ ಅಂಕೋಲಾ, ಯಲ್ಲಾಪುರ ದಾರಿಯಲ್ಲಿ ಗುಡ್ಡ ಯಾವಾಗ ಜರಿಯುತ್ತದೆ ಗೊತ್ತಿಲ್ಲ, ಬಾಟ್ಲಿ ನೀರು ಹೊತ್ಕೊಂಡು ಅಷ್ಟು ದೂರ ಯಾಕೆ? ಡೀಸೆಲ್ ದುಡ್ಡಿಗೇ ಅಲ್ಲಿ ಎಷ್ಟೋ ಮೂಟೆ ಬರ್ತದೆ. ಇಲ್ಲಿಂದ ಕಳಿಸುದಾದ್ರೆ ಹಗುರದ್ದು ಕಳಿಸಿ: ಕ್ಲೋರಿನ್ ಮಾತ್ರೆ, ಓಆರ್‌ಎಸ್, ಪ್ಯಾಡ್, ಹೊಸ ಒಳಬಟ್ಟೆ, ಸೊಳ್ಳೆಪರದೆ, ಟಾರ್ಪಾಲು. ಬಟ್ಟೆ ಕೊಡ್ಲೇಬೇಕು ಅಂತಿದ್ರೆ ಹೊಸ ನೈಟಿ, ಲುಂಗಿ, ಟವೆಲ್.

ಇನ್ನೊಂದು ಯಾರೂ ಯೋಚಿಸದ್ದು ಉಂಟು, ಕಾಗದಪತ್ರ. ನಮ್ಮ ಶಾಲೆಯಲ್ಲಿ ಒಬ್ಬರು ಅಜ್ಜ ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಎಲ್ಲ ಬೆಂಚಿನ ಮೇಲೆ ಹರಡಿ, ಒಂದೊಂದು ಹಾಳೆ ನಡುವೆ ಪೇಪರ್ ಇಟ್ಟು ಒಣಗಿಸ್ತಿದ್ರು, ಶಾಯಿ ಹರಡಿ ಹೆಸರೇ ಕಾಣ್ತಿರ್ಲಿಲ್ಲ. 2019ರಲ್ಲಿ ಸರಕಾರ ತುರ್ತಿಗೆ 10,000 ರೂಪಾಯಿ, ಮನೆ ಪೂರ್ತಿ ಹೋದವರಿಗೆ 5 ಲಕ್ಷ ಅಂತ ಮಾಡಿತ್ತು. ಆದ್ರೆ ಸರ್ವೆಯಲ್ಲಿ ಎಷ್ಟು ಹಾಳಾಗಿದೆ ಅಂತ ನೋಡಿ ಮನೆ ಎ, ಬಿ, ಸಿ ಅಂತ ಯಾವ ವರ್ಗಕ್ಕೆ ಬೀಳ್ತದೆ ಅನ್ನುದರ ಮೇಲೆ ದುಡ್ಡು. ಬಿದ್ದ ಗೋಡೆ ಬಳಿದು ಹಾಕುವ ಮೊದಲೇ ಫೋಟೋ ತೆಗೆದಿಡ್ಬೇಕು, ಅರ್ಜಿ ಸರಿಯಾಗಿ ಬರೀಬೇಕು. ನಿಮ್ಮ ಹುಡುಗರು ಲ್ಯಾಪ್‌ಟಾಪ್, ಸಣ್ಣ ಪ್ರಿಂಟರ್ ಹಿಡ್ಕೊಂಡು ಹೋಗಿ ಕೂತು ಅರ್ಜಿ ಬರೆದುಕೊಟ್ರೆ ಬಟ್ಟೆಗಿಂತ ಸಾವಿರ ಪಾಲು ದೊಡ್ಡ ಉಪಕಾರ.

ಹೋಗುವವರು ಗಮ್‌ಬೂಟ್ ಹಾಕಿಯೇ ನೀರಿಗೆ ಇಳಿಯಿರಿ. ಕಾಲಲ್ಲಿ ಗಾಯ ಇದ್ದವರು ಇಳಿಯುದೇ ಬೇಡ, ಇಲಿಜ್ವರ ಎಂತದು ಅಂತ ನಮ್ಮ ಜಿಲ್ಲೆಯವರಿಗೆ ಹೇಳ್ಬೇಕಾ? ಹೊರಡುವ ಮೊದಲು ಡಾಕ್ಟ್ರನ್ನು ಕೇಳಿ, ಮುಂಜಾಗ್ರತೆ ಮಾತ್ರೆ ಬೇಕಾ ಅಂತ.

ಅಲ್ಲಿಯ ಕಂಟ್ರೋಲ್ ರೂಮ್ 1077. ಇಲ್ಲಿಂದ ಹೊಡೆದ್ರೆ ನಮ್ಮ ಜಿಲ್ಲೆಯದ್ದೇ ಸಿಕ್ಕೀತು, ಬೆಳಗಾವಿ ಎಸ್‌ಟಿಡಿ ಕೋಡ್ 0831 ಸೇರಿಸಿ ಮಾಡಿ ನೋಡು. ಯಾವ ಕೇಂದ್ರಕ್ಕೆ ಎಂತ ಬೇಕು ಅಂತ ಗೊತ್ತಾದ್ರೆ ಇಲ್ಲೇ ಗ್ರೂಪಲ್ಲಿ ಹಾಕು. ಪ್ಯಾಡ್ ಮತ್ತು ಒಳಬಟ್ಟೆ ನಾನು, ನಿನ್ನ ದೊಡ್ಡಮ್ಮ ಉಡುಪಿಯಲ್ಲಿ ತೆಗೊಂಡು ಶನಿವಾರ ಸಂಜೆ ಬಸ್ಸಲ್ಲಿ ಕಳಿಸ್ತೇವೆ. ಅಳತೆ ಮಾತ್ರ ಕೇಳಿ ಹೇಳು.