ಅಪ್ಪ ಅಮ್ಮನ ಜತೆ ಬಾರ್ಬಡೋಸ್‌ಗೆ: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ:
ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಫೆಬ್ರವರಿಯಲ್ಲಿ ಅವರನ್ನೂ ಆರು ವರ್ಷದ ಮಗಳನ್ನೂ ಕರೆದುಕೊಂಡು ಒಂದು ವಾರ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ಗೆ ಹೋಗುವ ಆಸೆ. ಅಮ್ಮ ಮೊಟ್ಟೆ ಕೂಡ ತಿನ್ನಲ್ಲ. ಅಪ್ಪನಿಗೆ ಮಂಡಿ ನೋವು, ಆದರೆ ಕ್ರಿಕೆಟ್ ಅಂದರೆ ಪ್ರಾಣ. ಎಲ್ಲಿ ಉಳಿಯಬೇಕು, ಊಟಕ್ಕೆ ಏನು ಮಾಡಬೇಕು, ವೀಸಾ ತೊಂದರೆ ಏನಾದರೂ ಇದೆಯಾ?

ಡಲ್ಲಾಸ್‌ನಿಂದ:
ಟಿಕೆಟ್ ತೆಗೆಯುವ ಮೊದಲು ಎಲ್ಲರ ಪಾಸ್‌ಪೋರ್ಟ್ ತೆರೆದು ನೋಡಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬಾರ್ಬಡೋಸ್‌ಗೆ ವೀಸಾ ಬೇಡ. ತೊಂದರೆ ಬರುವುದು ವಾಪಸ್ ಬರುವಾಗ. ನೀವು ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲಿದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೆ ಹೋಗಲೇಬೇಡಿ. ಕೆನಡಾ, ಮೆಕ್ಸಿಕೊಗೆ ಹೋಗಿ 30 ದಿನದೊಳಗೆ ಹಳೇ ಸ್ಟಾಂಪ್‌ನಲ್ಲೇ ಬರಬಹುದು ಅನ್ನುವ ಅನುಕೂಲ ಎಚ್-1ಬಿಯವರಿಗೆ ಕೆರಿಬಿಯನ್ ದ್ವೀಪಗಳಿಗೆ ಸಿಗುವುದಿಲ್ಲ. ಅಪ್ಪ ಅಮ್ಮನ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಅವಕಾಶ ಇದೆಯಾ ನೋಡಿ. ಅವರು ಊರಿಗೆ ಮರಳುವ ಟಿಕೆಟ್ ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಲಿ, ಬಂದ ಮೇಲೆ ಐ-94 (ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನುವ ದಾಖಲೆ) ತಾರೀಖು ಮತ್ತೆ ಪರೀಕ್ಷಿಸಿ. ಸ್ಟಾಂಪ್ ಇಲ್ಲದಿದ್ದರೆ ಪೋರ್ಟೊರಿಕೊಗೆ ಹೋಗಿ. ಅದು ಅಮೆರಿಕದ್ದೇ ಭಾಗ, ಈ ತಲೆನೋವು ಇರುವುದಿಲ್ಲ.

ಟೊರೊಂಟೊದಿಂದ:
ಯಾವ ಕಡೆಯ ಕರಾವಳಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ, ಹೋಟೆಲ್ ಆಮೇಲೆ. ದ್ವೀಪ ಚಿಕ್ಕದು, ಉದ್ದ 34 ಕಿ.ಮೀ. ಅಷ್ಟೇ, ಆದರೆ ಪೂರ್ವದ ಸಮುದ್ರ ಬೇರೆ, ಪಶ್ಚಿಮದ ಸಮುದ್ರ ಬೇರೆ. ಪಶ್ಚಿಮದಲ್ಲಿ ಹೋಲ್‌ಟೌನ್ ಕಡೆ ನೀರು ತುಂಬಾ ಶಾಂತ, ಮಗು ಮತ್ತು ವಯಸ್ಸಾದವರಿಗೆ ಅದೇ ಸರಿ, ಆದರೆ ರೇಟ್ ಜಾಸ್ತಿ. ದಕ್ಷಿಣದಲ್ಲಿ ವರ್ದಿಂಗ್, ರಾಕ್ಲಿ ಸುತ್ತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳು ಸಿಗುತ್ತವೆ, ಬಸ್ಸು ಅಂಗಡಿ ಹತ್ತಿರ, ಅಲೆ ಸ್ವಲ್ಪ ಇರುತ್ತದೆ. ನಾನಾಗಿದ್ದರೆ ದಕ್ಷಿಣದಲ್ಲಿ ಉಳಿದು ಈಜಲು ಕಾರ್ಲೈಲ್ ಬೇ ಅನ್ನುವ ಬೀಚ್‌ಗೆ ಹೋಗುತ್ತೇನೆ, ಅಲ್ಲಿ ನೀರೂ ಶಾಂತ, ಆಮೆಗಳೂ ಕಾಣಿಸುತ್ತವೆ. ಪೂರ್ವದ ಬಾತ್‌ಶೀಬಾವನ್ನು ಖಂಡಿತ ನೋಡಿ, ಅಟ್ಲಾಂಟಿಕ್ ಅಲೆಗಳು ದೊಡ್ಡ ದೊಡ್ಡ ಬಂಡೆಗಳಿಗೆ ಬಡಿಯುವುದನ್ನು ಕೂತು ನೋಡಬಹುದು, ಆದರೆ ನೀರಿಗೆ ಇಳಿಯಬೇಡಿ, ಸೆಳೆತ ಅಪಾಯಕಾರಿ. ಅಪ್ಪನಿಗೆ ಹ್ಯಾರಿಸನ್ಸ್ ಕೇವ್ ಹೇಳಿ ಮಾಡಿಸಿದ ಜಾಗ, ಗುಹೆಯೊಳಗೆ ಟ್ರಾಮ್‌ನಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಾರೆ.

ಮಗಳ ವಿಷಯದಲ್ಲಿ ಎರಡು ಮಾತು. ಬೀಚ್‌ಗಳಲ್ಲಿ ಮ್ಯಾಂಚಿನೀಲ್ ಅಂತ ಒಂದು ಮರ ಇದೆ, ಸಣ್ಣ ಹಸಿರು ಸೇಬಿನಂಥ ಕಾಯಿ. ಅದರ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ, ಕಾಯಿ ತಿಂದರೆ ವಿಷ, ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಮೈ ಉರಿಯುತ್ತದೆ. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ, ಎಲ್ಲ ಕಡೆ ಬಳಿದಿರುವುದಿಲ್ಲ. ಇನ್ನೊಂದು, ಮಿಲಿಟರಿ ಡಿಸೈನಿನ ಬಟ್ಟೆ ಅಲ್ಲಿ ಕಾನೂನುಬಾಹಿರ, ಮಕ್ಕಳಿಗೂ ಅಷ್ಟೇ. ಟೋಪಿ, ಬ್ಯಾಗ್ ಕೂಡ ಮನೆಯಲ್ಲೇ ಬಿಡಿ.

ಲಂಡನ್‌ನಿಂದ, ಮೂಲ ಪುತ್ತೂರು:
ಅಮ್ಮನ ಊಟಕ್ಕೆ ಹೆದರಬೇಡಿ, ಆದರೆ ಕೇಳಿ ಕೇಳಿ ತಿನ್ನಬೇಕು. ಟ್ರಿನಿಡಾಡ್, ಗಯಾನಾದ ಭಾರತೀಯ ಮೂಲದವರ ರೊಟ್ಟಿ ಬಾರ್ಬಡೋಸ್‌ನಲ್ಲೂ ಸಿಗುತ್ತದೆ, ಕಡಲೆ ಆಲೂಗಡ್ಡೆ ಪಲ್ಯ ಒಳಗಿಟ್ಟು ಮಡಚಿ ಕೊಡುತ್ತಾರೆ. ಹೊಟ್ಟೆ ತುಂಬುತ್ತದೆ. ಅನ್ನಕ್ಕೆ ಕಾಳು ಹಾಕಿದ ರೈಸ್ ಆಂಡ್ ಪೀಸ್ ನೋಡಲು ಸಸ್ಯಾಹಾರ, ಆದರೆ ಉಪ್ಪು ಹಾಕಿದ ಮಾಂಸ ಸೇರಿಸಿ ಬೇಯಿಸುವವರು ತುಂಬಾ ಜನ. ಮ್ಯಾಕರೋನಿ ಪೈನಲ್ಲಿ ಮೊಟ್ಟೆ ಇರಬಹುದು. ಬೋಂಡಾದ ತರಹ ಕಾಣುವ ಫಿಶ್ ಕೇಕ್ ಹೆಸರೇ ಹೇಳುವಂತೆ ಮೀನಿನದು. ಕೂಕೂ ಅಂತ ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವುತ್ತಾರೆ, ಅದರ ಜತೆ ಮೀನಿನ ಸಾರು ಬರುತ್ತದೆ, ಅದು ಬೇಡ ಅನ್ನಿ. ಮಾರುಕಟ್ಟೆಯಲ್ಲಿ ಬ್ರೆಡ್‌ಫ್ರೂಟ್ ಕೇಳಿ, ನಮ್ಮ ಜೀಗುಜ್ಜೆಯೇ ಅದು! ಗುಲಾಮರಿಗೆ ಅಗ್ಗದ ಆಹಾರ ಆಗಲಿ ಅಂತ 1793ರಲ್ಲಿ ಹಡಗಿನಲ್ಲಿ ತಂದು ವೆಸ್ಟ್ ಇಂಡೀಸ್‌ನಲ್ಲಿ ನೆಟ್ಟಿದ್ದು, ಈಗ ಅಲ್ಲಿನವರ ಮನೆ ಊಟ ಆಗಿದೆ. ಅಪಾರ್ಟ್‌ಮೆಂಟಿನಲ್ಲಿ ಅಮ್ಮ ಅದರ ಪಲ್ಯ ಮಾಡಲಿ. ದಿನಸಿ ಬಹಳಷ್ಟು ಹೊರಗಿನಿಂದ ಬರುವುದರಿಂದ ದುಬಾರಿ, ಬೇಳೆ, ಸಾರಿನ ಪುಡಿ ಜತೆಗಿರಲಿ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು.

ಬೆಂಗಳೂರಿನಿಂದ:
ಅಪ್ಪನನ್ನು ಕೆನ್ಸಿಂಗ್ಟನ್ ಓವಲ್‌ಗೆ ಕರೆದುಕೊಂಡು ಹೋಗದೆ ಬರಬೇಡಿ! 2024ರ ಜೂನ್ 29ರಂದು ನಾವು ಟಿ20 ವಿಶ್ವಕಪ್ ಗೆದ್ದ ಮೈದಾನ ಅದು, ಏಳು ರನ್‌ನಿಂದ, ನಮ್ಮ ದ್ರಾವಿಡ್ ಕೋಚ್ ಆಗಿದ್ದಾಗ. ಹೊರಗೆ ಬಾರ್ಬಡೋಸ್‌ನ ಹೆಸರಾಂತ ಆಲ್‌ರೌಂಡರ್ ಸೋಬರ್ಸ್ ಪ್ರತಿಮೆ ಇದೆ. ಅಪ್ಪನ ತಲೆಮಾರಿನವರಿಗೆ ಆಗಿನ ಭಾರತದ ಕ್ಯಾಪ್ಟನ್ ನಾರಿ ಕಾಂಟ್ರಾಕ್ಟರ್ ನೆನಪೂ ಇರುತ್ತದೆ, 1962ರಲ್ಲಿ ಬಾರ್ಬಡೋಸ್ ವಿರುದ್ಧ ಆಡುವಾಗ ವೇಗದ ಬೌಲರ್ ಗ್ರಿಫಿತ್ ಎಸೆದ ಚೆಂಡು ತಲೆಗೆ ಬಡಿದಿತ್ತು, ಅವರಿಗೆ ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ಕ್ಯಾಪ್ಟನ್ ವೊರೆಲ್ ಕೂಡ ಒಬ್ಬರು. ಒಳಗೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಫೆಬ್ರವರಿ ಒಳ್ಳೆಯ ತಿಂಗಳು, ಮಳೆ ಕಮ್ಮಿ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ವಿಶ್ವಕಪ್ ಗೆದ್ದ ತಂಡವೇ ಬೆರಿಲ್ ಚಂಡಮಾರುತದಿಂದ ಅಲ್ಲಿ ಸಿಕ್ಕಿಹಾಕಿಕೊಂಡಿತ್ತಲ್ವಾ. ಬೆಂಗಳೂರು, ಬಾರ್ಬಡೋಸ್ ರಾಜಧಾನಿ ಬ್ರಿಜ್‌ಟೌನ್ ಎರಡೂ ಸುಮಾರು 13 ಡಿಗ್ರಿ ಉತ್ತರದಲ್ಲೇ ಇವೆ, ಆದರೆ ಅಲ್ಲಿ ಸಮುದ್ರ ಮಟ್ಟದ ಬಿಸಿಲು. ಅಪ್ಪ ಅಮ್ಮನನ್ನು ಮಧ್ಯಾಹ್ನ ಹೊರಗೆ ಸುತ್ತಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಟಾಂಪ್ ನೋಡಿದೆ, ಮುಂದಿನ ವರ್ಷದವರೆಗೆ ಇದೆ. ಕಾರು ತೆಗೆದುಕೊಳ್ಳಲೇಬೇಕಾ?

ಟೊರೊಂಟೊದಿಂದ:
ಎಲ್ಲ ದಿನಕ್ಕೂ ಬೇಡ. ಅಲ್ಲಿ ಎಡಗಡೆ ಓಡಿಸಬೇಕು, ಒಳಗಿನ ರಸ್ತೆಗಳು ಕಬ್ಬಿನ ಗದ್ದೆ ನಡುವೆ ಬಹಳ ಕಿರಿದು. ಹತ್ತಿರದ ಓಡಾಟಕ್ಕೆ ಬಸ್ ಇದೆ, ಸರ್ಕಾರಿ ನೀಲಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಹತ್ತಿದ ಕೂಡಲೇ ಗುಡ್ ಮಾರ್ನಿಂಗ್ ಹೇಳಿ, ಅಲ್ಲಿನವರು ಅದಕ್ಕೆ ಬೆಲೆ ಕೊಡುತ್ತಾರೆ. ಬಾತ್‌ಶೀಬಾ, ಗುಹೆ ನೋಡುವ ದಿನ ಟ್ಯಾಕ್ಸಿ ಮಾಡಿ, ಅಪ್ಪನ ಮಂಡಿಗೂ ಅದೇ ಒಳ್ಳೆಯದು. ಮೀಟರ್ ಇರುವುದಿಲ್ಲ. ಹತ್ತುವ ಮೊದಲೇ ರೇಟ್ ಕೇಳಿ, ಅದು ಯಾವ ಡಾಲರ್ ಅಂತಲೂ ಕೇಳಿ, ಯಾಕೆಂದರೆ ಒಂದು ಅಮೆರಿಕನ್ ಡಾಲರ್‌ಗೆ ಎರಡು ಬಾರ್ಬಡೋಸ್ ಡಾಲರ್.