ಆರು ತಿಂಗಳ ಕುದುರೆ ಮರಿ: ತೂಕ ಗೆರೆಗೆ ಬಂತು, ಕಾಲಿನ ಗೆಣ್ಣು ಯಾಕೆ ದಪ್ಪ?

ಪ್ರಶ್ನೆ, ಕಟಪಾಡಿಯಿಂದ:
ಡಾಕ್ಟ್ರೇ, ನಮಸ್ಕಾರ. ಮದುವೆ ಮೆರವಣಿಗೆಗೆಂದು ನಮ್ಮಲ್ಲಿ ಒಂದು ಹೆಣ್ಣು ಕುದುರೆ ಉಂಟು. ಫೆಬ್ರವರಿ ಮೊದಲ ವಾರ ಮರಿ ಹಾಕಿತು. ಹೆಣ್ಣು ಮರಿ, ಈಗ ಆರು ತಿಂಗಳು. ತೂಕದ ಯಂತ್ರ ನಮಗೆಲ್ಲಿಂದ? ಟೈಲರ್ ಟೇಪಿನಲ್ಲಿ ಅಳೆದು ಲೆಕ್ಕ ಹಾಕುತ್ತೇವೆ. ತಾಯಿಯ ತೂಕ ಸುಮಾರು 340 ಕಿಲೋ ಬಂತು.

ಮಗಳು ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ. ಮೊದಲು ಕೋಳಿಮರಿಗೆ ಹಾಕುವ ಎಸ್ ಆಕಾರದ ಗ್ರಾಫ್ ಹಾಕಿದಳು, ಹೊಂದಲಿಲ್ಲ. ಆಮೇಲೆ ಕುದುರೆಯದ್ದೇ ಸೂತ್ರ ಹುಡುಕಿ ಗೆರೆ ಎಳೆದಳು. ಮೂರನೇ ತಿಂಗಳಿಗೆ ಮರಿ 94 ಕಿಲೋ, ನಾಲ್ಕಕ್ಕೆ 113. ಗೆರೆ ಹೇಳುವುದು 96 ಮತ್ತು 115. ಜೂನಿನಲ್ಲಿ ಹಾಲು ಬಿಡಿಸಿದೆವು, ಅಷ್ಟರಲ್ಲಿ ಮಳೆ ಹಿಡಿಯಿತು. ಐದನೇ ತಿಂಗಳಿಗೆ ಬರೀ 118, ಗೆರೆಯಲ್ಲಿ 131. ಗಾಬರಿಯಾಗಿ ಬೂಸಾ, ಬೇಯಿಸಿದ ಹುರುಳಿ ಎಲ್ಲ ಜಾಸ್ತಿ ಮಾಡಿದೆವು. ಮೊನ್ನೆ ಅಳೆದರೆ 147. ಗೆರೆಯಲ್ಲೂ 147! ಇನ್ನೂ ಸ್ವಲ್ಪ ಜಾಸ್ತಿ ಕೊಟ್ಟರೆ ಗೆರೆಯಿಂದ ಮೇಲೆ ತರಬಹುದಾ? ಮುಂಗಾಲಿನ ಗೆಣ್ಣು ಕೂಡ ದಪ್ಪವಾಗಿದೆ. ಬಲ ಬಂದಿದೆ ಅಂದುಕೊಂಡಿದ್ದೇವೆ.

ಉತ್ತರ, ಪಶುವೈದ್ಯರಿಂದ:
ಮೊದಲು ಆ ಬೂಸಾ ಡಬ್ಬದ ಮುಚ್ಚಳ ಹಾಕಿ, ಆಮೇಲೆ ಮಾತಾಡುವಾ.

ಗೆಣ್ಣು ಅಂದಿರಲ್ಲ, ಅದು ಗೊರಸಿನ ಮೇಲಿನ ಮೊದಲ ಸಂದಾ? ಎದುರಿನಿಂದ ನೋಡಿದರೆ ಡಮರುವಿನ ಹಾಗೆ ಕಾಣುತ್ತದಾ, ಅಂದರೆ ಸಂದಿನ ಮೇಲೊಂದು ಉಬ್ಬು, ಕೆಳಗೊಂದು ಉಬ್ಬು, ನಡುವೆ ಸಪೂರ? ಹಾಗಿದ್ದರೆ ಅದು ಬಲ ಅಲ್ಲ. ಎಲುಬಿನ ತುದಿಯಲ್ಲಿ ಬೆಳೆಯುವ ಮೆದು ಭಾಗ ಒಂದಿರುತ್ತದೆ. ಅದು ಸಹಿಸುವುದಕ್ಕಿಂತ ಬೇಗ ಮೈತೂಕ ಏರಿದರೆ ಅಲ್ಲಿ ಬಾವು ಬರುತ್ತದೆ. ಬೆರಳಿಟ್ಟು ಮೆಲ್ಲನೆ ಒತ್ತಿ ನೋಡಿ. ಬಿಸಿ ಇದ್ದರೆ, ಮರಿ ಕಾಲು ಎಳೆದುಕೊಂಡರೆ ನಾಳೆಯೇ ಹತ್ತಿರದ ವೈದ್ಯರನ್ನು ಕರೆಸಿ. ಫೋಟೋ ನೋಡಿ ಇಲ್ಲಿಂದ ತೀರ್ಮಾನ ಹೇಳುವ ಕಾಯಿಲೆ ಇದಲ್ಲ.

ಈಗ ನಿಮ್ಮ ಗ್ರಾಫ್. ಮಗಳು ಹಾಕಿದ ಸೂತ್ರ ಸರಿಯೇ ಇದೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2007ರಲ್ಲಿ ಕೊಟ್ಟ ಲೆಕ್ಕ ಅದು. ಮರಿ ಹುಟ್ಟುವಾಗ ಪೂರ್ತಿ ಬೆಳೆದ ತೂಕದ ನೂರಕ್ಕೆ 9.7 ಪಾಲು ಇರುತ್ತದೆ. ಅಲ್ಲಿಂದ ಮುಂದೆ ಪ್ರತಿ ತಿಂಗಳು, ಇನ್ನೂ ಬೆಳೆಯಲು ಬಾಕಿ ಇರುವುದರಲ್ಲಿ ನೂರಕ್ಕೆ ಏಳೂವರೆಯಷ್ಟು ಸೇರುತ್ತದೆ. ಬಾಯಿಲೆಕ್ಕ ಬೇಕಾದರೆ, 9 ತಿಂಗಳಿಗೊಮ್ಮೆ ಬಾಕಿ ಅರ್ಧವಾಗುತ್ತದೆ. ನಿಮ್ಮ ಮರಿ 33 ಕಿಲೋದಲ್ಲಿ ಹುಟ್ಟಿತು ಅಂತಿಟ್ಟುಕೊಳ್ಳಿ, ಬಾಕಿ 307. ಒಂಬತ್ತನೇ ತಿಂಗಳಿಗೆ ಸುಮಾರು 186, ಹದಿನೆಂಟಕ್ಕೆ 263. ಕೋಳಿಯ ಎಸ್ ಆಕಾರ ಹೊಂದದೇ ಇರಲು ಕಾರಣವೂ ಇದೇ. ಕೋಳಿಮರಿ ಮೊದಲು ನಿಧಾನ, ಆಮೇಲೆ ವೇಗ, ಮತ್ತೆ ನಿಧಾನ. ಕುದುರೆ ಹುಟ್ಟಿದ ಮೇಲೆ ಆ ಮೊದಲಿನ ನಿಧಾನ ಇಲ್ಲ, ಅದು ಹೊಟ್ಟೆಯೊಳಗೇ ಮುಗಿದಿರುತ್ತದೆ.

ಆದರೆ ನೀವು ನೋಡಬೇಕಾದ್ದು ಚುಕ್ಕಿ ಗೆರೆಯ ಮೇಲೆ ಕೂತಿತಾ ಅಂತಲ್ಲ, ಅದು ಅಲ್ಲಿಗೆ ಹೇಗೆ ಬಂತು ಅಂತ. ಐದರಿಂದ ಆರನೇ ತಿಂಗಳಿಗೆ ಗೆರೆ ಏರುವುದು 16 ಕಿಲೋ. ನಿಮ್ಮ ಮರಿ ಏರಿದ್ದು 29. ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ! ಅದರ ಹಿಂದಿನ ತಿಂಗಳು ಬರೀ 5. ನಿಂತದ್ದು ಒಮ್ಮೆ, ಹಾರಿದ್ದು ಒಮ್ಮೆ. ಗೆರೆಯಿಂದ ಹತ್ತು ಕಿಲೋ ಕೆಳಗೇ ಸಮನಾಗಿ ಹೋಗುವ ಮರಿ ನನಗೆ ಇದಕ್ಕಿಂತ ಇಷ್ಟ.

ಟೇಪಿನ ತಪ್ಪೂ ಇರಬಹುದು ಅನ್ನುತ್ತೀರಿ. ಇರಬಹುದು. ಎದೆಸುತ್ತು ಎಷ್ಟು, ಉದ್ದ ಎಷ್ಟು?

ಕಟಪಾಡಿಯಿಂದ:
ಮೊಣಕೈ ಹಿಂದೆ ಎದೆಸುತ್ತು 47 ಇಂಚು. ಭುಜದ ಮುಂದಿನ ಮೂಳೆಯಿಂದ ಹಿಂದೆ ಪೃಷ್ಠದ ಮೂಳೆವರೆಗೆ 41 ಇಂಚು. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 280ರಿಂದ ಭಾಗಿಸಿದೆವು. ಪೌಂಡಿನಲ್ಲಿ ಬಂದದ್ದನ್ನು 2.2ರಿಂದ ಭಾಗಿಸಿದರೆ 147. ತಾಯಿಗೆ ಮಾತ್ರ 330ರಿಂದ ಭಾಗಿಸಿದ್ದು.

ಪಶುವೈದ್ಯರು:
ಸರಿಯಾಗಿ ಮಾಡಿದ್ದೀರಿ. ಎಷ್ಟೋ ಜನ ಮರಿಗೂ 330 ಹಾಕಿ, ತೂಕ ಕಡಿಮೆ ಬಂತು ಅಂತ ತಿನ್ನಿಸುತ್ತಾರೆ. ವರ್ಷದ ಮರಿಗೆ 301, ನೆನಪಿರಲಿ. ಈಗ 47ರ ಬದಲು 48 ಹಾಕಿ ನೋಡಿ, 153 ಬರುತ್ತದೆ. ಟೇಪ್ ಒಂದು ಇಂಚು ಸಡಿಲವಾದರೆ 6 ಕಿಲೋ ವ್ಯತ್ಯಾಸ. ಹಾಗಾಗಿ 3–4 ಕಿಲೋ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮದು 13 ಕಿಲೋ ಹೆಚ್ಚು, ಅದರ ಮೇಲೆ ಗೆಣ್ಣು ಬೇರೆ ದಪ್ಪ. ಎರಡೂ ಒಟ್ಟಿಗೆ ಬಂದರೆ ಟೇಪಿನ ಮೇಲೆ ಹಾಕಿ ಸುಮ್ನೆ ಕೂರುವ ಹಾಗಿಲ್ಲ.

ಹಸಿಹುಲ್ಲು ಯಾವುದು ಕೊಡುತ್ತೀರಿ?

ಕಟಪಾಡಿಯಿಂದ:
ನೇಪಿಯರ್. ದನಕ್ಕೆ ಬೆಳೆಸಿದ್ದೇ. ಆಟಿ ಮಳೆಗೆ ಹೊರಗೆ ಬಿಡುವ ಹಾಗಿಲ್ಲ, ಲಾಯದಲ್ಲೇ ಕಡಿದು ಹಾಕುತ್ತೇವೆ.

ಪಶುವೈದ್ಯರು:
ಅಲ್ಲಿಗೆ ಪೂರ್ತಿ ಚಿತ್ರ ಸಿಕ್ಕಿತು. ಗೋಧಿ ಬೂಸಾದಲ್ಲಿ ರಂಜಕ ಸುಣ್ಣದ ಅಂಶಕ್ಕಿಂತ ಸುಮಾರು ಹತ್ತು ಪಟ್ಟು ಇರುತ್ತದೆ. ಅಕ್ಕಿ ತೌಡೂ ಅದೇ ಜಾತಿ. ಬೆಳೆಯುವ ಮರಿಗೆ ಬೇಕಾದ್ದು ತಿರುಗಾಮುರುಗಾ: ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ಜಾಸ್ತಿ, ರಂಜಕ ಅದಕ್ಕಿಂತ ಕಡಿಮೆ. ನೇಪಿಯರಿನಲ್ಲಿ ಆಕ್ಸಲೇಟ್ ಇರುತ್ತದೆ, ಅದು ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ. ದನದ ಹೊಟ್ಟೆ ಅದನ್ನು ಸುಮಾರಾಗಿ ನಿಭಾಯಿಸುತ್ತದೆ, ಕುದುರೆಯದ್ದು ಅಷ್ಟು ನಿಭಾಯಿಸುವುದಿಲ್ಲ. ಅಂದರೆ ನೀವು ಮೈ ಬೆಳೆಸಿದ್ದೀರಿ, ಎಲುಬಿಗೆ ಸಾಮಾನು ಕೊಟ್ಟಿಲ್ಲ.

ಬೂಸಾ, ಹುರುಳಿ ನಾಲ್ಕೈದು ದಿನದಲ್ಲಿ ಹಂತಹಂತವಾಗಿ ಅರ್ಧಕ್ಕಿಳಿಸಿ. ಪೂರ್ತಿ ನಿಲ್ಲಿಸಿದರೆ ಮತ್ತೆ ಜುಲೈ ಕತೆಯೇ. ನೇಪಿಯರ್ ಕಡಿಮೆ ಮಾಡಿ ಒಣಹುಲ್ಲು ಸೇರಿಸಿ. ಸುಣ್ಣಕಲ್ಲಿನ ಪುಡಿ ಎಷ್ಟು ಗ್ರಾಂ ಎಂದು ನೋಡಲು ಬರುವ ವೈದ್ಯರು ಹೇಳಲಿ. ಎಲೆಅಡಿಕೆಯ ಸುಣ್ಣ ಕಲಸಿ ಕೊಡಬೇಡಿ ಮತ್ತೆ, ಬಾಯಿ ಸುಡುತ್ತದೆ. ಹಿಂದೆ ಒಬ್ಬರು ಕೊಟ್ಟಿದ್ದರು, ಅದಕ್ಕೇ ಹೇಳುವುದು.

ಮೂಲ್ಕಿಯಿಂದ ಒಬ್ಬರು:
ಡಾಕ್ಟ್ರೇ, ಆ ಮರಿಯ ಗಂಡು ಕುದುರೆ ನಾನು ನೋಡಿದ್ದೇನೆ, ಮಾರ್ವಾರಿ ಎತ್ತರದ್ದು. ಹಾಗಾದರೆ 340 ಅಲ್ಲ, 400 ಇಟ್ಟು ಗೆರೆ ಎಳೆಯಬೇಕಲ್ವಾ?

ಪಶುವೈದ್ಯರು:
ಒಳ್ಳೆಯ ಪ್ರಶ್ನೆ, ಇದಕ್ಕೊಂದು ಹಳೆಯ ಪ್ರಯೋಗ ಉಂಟು. ಇಂಗ್ಲೆಂಡಿನ ವಾಲ್ಟನ್ ಮತ್ತು ಹ್ಯಾಮಂಡ್ ದೈತ್ಯ ಶೈರ್ ಕುದುರೆಯನ್ನೂ ಪುಟ್ಟ ಶೆಟ್‌ಲ್ಯಾಂಡ್ ಕುದುರೆಯನ್ನೂ ಎರಡೂ ಕಡೆಯಿಂದ ಕೂಡಿಸಿದರು, 1938ರಲ್ಲಿ ಪ್ರಕಟಿಸಿದರು. ರಕ್ತ ಎರಡರಲ್ಲೂ ಅರ್ಧರ್ಧ. ಆದರೂ ಶೈರ್ ತಾಯಿಯ ಮರಿ ಹುಟ್ಟುವಾಗ ಶೆಟ್‌ಲ್ಯಾಂಡ್ ತಾಯಿಯ ಮರಿಯ ಸುಮಾರು ಮೂರು ಪಟ್ಟು ತೂಗಿತು. ಬೆಳೆದ ಮೇಲೂ ಆ ಅಂತರ ಪೂರ್ತಿ ಅಳಿಯಲಿಲ್ಲ. ಅಪ್ಪ ಎಷ್ಟೇ ಎತ್ತರ ಇರಲಿ, ಗರ್ಭದಲ್ಲಿ ಜಾಗ ಕೊಡುವವಳು ಅಮ್ಮ. ಸದ್ಯಕ್ಕೆ 340 ಇರಲಿ. ಗೆಣ್ಣು ದಪ್ಪ ಇರುವಾಗ ದೊಡ್ಡ ಗೆರೆ ಎಳೆದರೆ ತಿನ್ನಿಸಲು ಒಂದು ನೆಪ ಸಿಕ್ಕಿದ ಹಾಗೆ.

ಕಾರ್ಕಳದಿಂದ ಒಬ್ಬರು:
ನಮ್ಮಲ್ಲಿ ಕಂಬಳಕ್ಕೆಂದು ಎರಡು ಕೋಣದ ಕರು ಕಟ್ಟಿದ್ದೇವೆ. ಈ ಸೂತ್ರ ಅವಕ್ಕೂ ಆಗುತ್ತದಾ?

ಪಶುವೈದ್ಯರು:
ಇಲ್ಲ ಮಾರಾಯ್ರೇ. ಕುದುರೆ ಮರಿ ಹುಟ್ಟಿದ ದಿನವೇ ದೊಡ್ಡವರ ಎತ್ತರದ ಅರ್ಧಕ್ಕಿಂತ ಜಾಸ್ತಿ ಇರುತ್ತದೆ, ಬರೀ ಕಾಲೇ ಕಾಲು. ಎಮ್ಮೆ ಕರುವಿನ ಲೆಕ್ಕವೇ ಬೇರೆ. ಟೇಪ್ ಅಳತೆ ಬೇಕಾದರೆ ದನಕ್ಕೆ ಹಾಕುವ ಹಾಗೆ 300ರಿಂದ ಭಾಗಿಸಿ. ಬೆಳವಣಿಗೆಯ ಗೆರೆಗೆ ಮಾತ್ರ ನಿಮ್ಮದೇ ಕರುಗಳ ಎರಡು ವರ್ಷದ ಅಳತೆ ಬರೆದಿಡಿ, ಅದಕ್ಕಿಂತ ಒಳ್ಳೆಯ ಗೆರೆ ಎಲ್ಲೂ ಸಿಗದು.

ಕಟಪಾಡಿಯಿಂದ:
ಡಾಕ್ಟ್ರೇ, ಒತ್ತಿ ನೋಡಿದೆವು. ಬಿಸಿ ಉಂಟು, ಎಡಗಾಲು ಎಳೆದುಕೊಂಡಿತು. ನಾಳೆ ಬೆಳಿಗ್ಗೆ ವೈದ್ಯರು ಬರುತ್ತಾರೆ. ಮಗಳು ಕೇಳುತ್ತಿದ್ದಾಳೆ, ಮುಂದಿನ ತಿಂಗಳು ಎಷ್ಟು ಬರಬೇಕು ಅಂತ. ಗೆರೆಯಲ್ಲಿ 161 ಉಂಟು.

ಪಶುವೈದ್ಯರು:
ನಾಳೆಯೇ ಕರೆಸಿದ್ದು ಒಳ್ಳೆಯದಾಯಿತು. ಅಲ್ಲಿವರೆಗೆ ಗಟ್ಟಿ ನೆಲದ ಮೇಲೆ ಓಡಲು ಬಿಡಬೇಡಿ, ಕೆಳಗೆ ಹುಲ್ಲು ದಪ್ಪ ಹಾಸಿ. ಮುಂದಿನ ತಿಂಗಳು 155 ಬಂದರೂ ನನಗೆ ಸಂತೋಷವೇ ಅಂತ ಮಗಳಿಗೆ ಹೇಳಿ. 170 ಬಂದರೆ ಫೋನ್ ಮಾಡಿ.

ಕಟಪಾಡಿಯಿಂದ:
ಟೇಪ್ ಸುತ್ತಿದ ಕೂಡಲೇ ಅದು ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತದೆ.

ಪಶುವೈದ್ಯರು:
ತಾಯಿಯಿಂದ ಕಲಿತದ್ದಿರಬೇಕು, ಜೀನು ಬಿಗಿಯುವಾಗ ಅದೂ ಹಾಗೇ ಮಾಡುತ್ತದಲ್ಲ! ಉಸಿರು ಬಿಟ್ಟ ಮೇಲೆ ಓದಿ. ಮೂರು ಸಲ ಅಳೆದು ನಡುವಿನದ್ದನ್ನು ಬರೆಯಿರಿ. ಬೆಳಿಗ್ಗೆ, ಹುಲ್ಲು ಹಾಕುವ ಮೊದಲು. ಮತ್ತೆ ಆ ಟೇಪನ್ನು ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ, ಹಳೆಯದಾದರೆ ಎಳೆದುಕೊಂಡಿರುತ್ತದೆ.