ಓವರ್‌ಟೇಕ್, ಸರ್‌ಪಾಸ್, ಔಟ್‌ಪೇಸ್: ಯಾವುದನ್ನು ಎಲ್ಲಿ ಬಳಸಬೇಕು?

ಪ್ರಶ್ನೆ

ಕನ್ನಡದ 'ಹಿಂದಿಕ್ಕು' ಎಂಬ ಒಂದೇ ಕ್ರಿಯಾಪದ ರಸ್ತೆಯ ವಾಹನಕ್ಕೂ ಓಟದ ಸ್ಪರ್ಧೆಗೂ ದೇಶಗಳ ಆರ್ಥಿಕತೆಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಕುಳಿತರೆ ಓವರ್‌ಟೇಕ್, ಸರ್‌ಪಾಸ್, ಎಕ್ಸೀಡ್, ಔಟ್‌ರನ್, ಔಟ್‌ಪೇಸ್, ಔಟ್‌ಸ್ಟ್ರಿಪ್ ಎಂದು ಪದಗಳು ಸಾಲುಗಟ್ಟುತ್ತವೆ. ನಿಘಂಟು ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟು ಸುಮ್ಮನಾಗುತ್ತದೆ. ಕಾರು ಲಾರಿಯನ್ನು 'ಸರ್‌ಪಾಸ್' ಮಾಡಿತು ಎಂದು ಇಂಗ್ಲಿಷಿನಲ್ಲಿ ಬರೆದರೆ ವ್ಯಾಕರಣ ತಪ್ಪುವುದಿಲ್ಲ, ಆದರೂ ಅದು ಅಸಹಜವಾಗಿ ಕೇಳುವುದೇಕೆ? ಬಲ್ಲವರು ವಿವರಿಸಬೇಕಾಗಿ ವಿನಂತಿ.

ಉತ್ತರ 1

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕನ್ನಡದಲ್ಲಿಯೇ ಇದೆ. ಮಿತಿಯನ್ನು 'ಮೀರುತ್ತೇವೆ', ಶಿಷ್ಯ ಗುರುವನ್ನು 'ಮೀರಿಸುತ್ತಾನೆ', ಮುಂದಿನ ಗಾಡಿಯನ್ನು 'ಹಿಂದೆ ಹಾಕುತ್ತೇವೆ'. ಇವುಗಳನ್ನು ನಾವು ಅದಲು ಬದಲು ಮಾಡುವುದಿಲ್ಲ. ಎಕ್ಸೀಡ್, ಸರ್‌ಪಾಸ್, ಓವರ್‌ಟೇಕ್ ಪದಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಇಷ್ಟೇ.

ಓವರ್‌ಟೇಕ್ ಎನ್ನಲು ಹಿಂದೆ ಇದ್ದದ್ದು ಮುಂದಾಗಬೇಕು, ಅಂದರೆ ಸ್ಥಾನ ಬದಲಾಗಬೇಕು. ಸರ್‌ಪಾಸ್‌ಗೆ ಇಂಥ ಬೆನ್ನಟ್ಟುವಿಕೆ ಬೇಕಿಲ್ಲ. ಅದು ಗುಣ, ಸಾಧನೆ, ನಿರೀಕ್ಷೆಗಳ ಎತ್ತರವನ್ನು ಅಳೆಯುವ ಪದ, ಸಾಮಾನ್ಯವಾಗಿ ಮೆಚ್ಚುಗೆಯ ಧ್ವನಿಯುಳ್ಳದ್ದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರ್ ಓಟವನ್ನು 9.58 ಸೆಕೆಂಡುಗಳಲ್ಲಿ ಮುಗಿಸಿ, ಹಿಂದಿನ ವರ್ಷ ಬೀಜಿಂಗ್‌ನಲ್ಲಿ ತಾವೇ ಸ್ಥಾಪಿಸಿದ್ದ 9.69 ಸೆಕೆಂಡುಗಳ ದಾಖಲೆಯನ್ನು ಮೀರಿಸಿದರು. ಇಲ್ಲಿ ಸರ್‌ಪಾಸ್ ಸರಿಯಾಗಿ ಕೂರುತ್ತದೆ. ಹಳೆಯ ದಾಖಲೆಯೇನೂ ಪಕ್ಕದ ಪಟ್ಟಿಯಲ್ಲಿ ಓಡುತ್ತಿರಲಿಲ್ಲವಲ್ಲ! ಲಾರಿಯ ವಿಷಯದಲ್ಲಿ ಆಗುವುದು ಇದರ ತಿರುವುಮುರುವು: ಅಲ್ಲಿ ಸ್ಥಾನ ಬದಲಾಗಿದೆಯೇ ಹೊರತು ಯಾವ ಸಾಧನೆಯೂ ನಡೆದಿಲ್ಲ, ಆದ್ದರಿಂದ ಸರ್‌ಪಾಸ್ ಅಸಹಜವೆನಿಸುತ್ತದೆ. ಎಕ್ಸೀಡ್‌ನ ಸಹವಾಸ ಸಂಖ್ಯೆ, ಮಿತಿ, ಅಧಿಕಾರಗಳ ಜೊತೆ. ವೇಗಮಿತಿಯನ್ನಾಗಲಿ ಬಜೆಟ್ಟನ್ನಾಗಲಿ ಮೀರುವುದಕ್ಕೆ ಅದೇ ಪದ.

ಬರೆಯುವವರು ಹೆಚ್ಚು ಎಡವುವುದು ಔಟ್‌ಪೇಸ್ ವಿಷಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಅದು ವೇಗವನ್ನು ಮಾತ್ರ ಹೋಲಿಸುತ್ತದೆ. ಯಾರು ಮುಂದಿದ್ದಾರೆ ಎಂಬುದನ್ನು ಹೇಳುವುದಿಲ್ಲ. 2010ರಲ್ಲಿ ಚೀನಾದ ಆರ್ಥಿಕತೆ ಜಪಾನಿನದನ್ನು ದಾಟಿ ಜಗತ್ತಿನ ಎರಡನೆಯ ಸ್ಥಾನಕ್ಕೆ ಏರಿತು, ಅದು ಓವರ್‌ಟೇಕ್. ಇತ್ತೀಚಿನ ವರ್ಷಗಳಲ್ಲಿ ಭಾರತದ ಬೆಳವಣಿಗೆಯ ದರ ಚೀನಾದ ದರಕ್ಕಿಂತ ಹೆಚ್ಚಿರುವುದರಿಂದ ಭಾರತ ಚೀನಾವನ್ನು ಔಟ್‌ಪೇಸ್ ಮಾಡುತ್ತಿದೆ ಎನ್ನಬಹುದು, ಆದರೆ ಗಾತ್ರದಲ್ಲಿ ಇನ್ನೂ ಬಹಳ ಹಿಂದಿರುವುದರಿಂದ ಓವರ್‌ಟೇಕ್ ಮಾಡಿದೆ ಎನ್ನುವಂತಿಲ್ಲ. ಔಟ್‌ಸ್ಟ್ರಿಪ್ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು, ಬೇಡಿಕೆ ಪೂರೈಕೆಗೆ ಸಿಗದಷ್ಟು ಬೆಳೆದಾಗ ಪತ್ರಿಕೆಗಳು ಬಳಸುವಂಥದ್ದು.

ಉತ್ತರ 2

ಮೇಲಿನ ಉತ್ತರಕ್ಕೆ ವ್ಯಾಕರಣದ ಒಂದು ಮಾತನ್ನು ಸೇರಿಸಬಯಸುತ್ತೇನೆ. 'ಔಟ್' ಎಂಬ ಪೂರ್ವಪ್ರತ್ಯಯ ಅಕರ್ಮಕ ಕ್ರಿಯಾಪದವನ್ನು ಸಕರ್ಮಕವಾಗಿಸುತ್ತದೆ. 'ಲಿವ್' ಎಂದರೆ ಬದುಕು. 'ಔಟ್‌ಲಿವ್' ಎಂದರೆ ಇನ್ನೊಬ್ಬರಿಗಿಂತ ಹೆಚ್ಚು ಕಾಲ ಬದುಕು. ನಾಮಪದಕ್ಕೂ ವಿಶೇಷಣಕ್ಕೂ ಅದು ಅಂಟಿಕೊಂಡು ಔಟ್‌ನಂಬರ್, ಔಟ್‌ಸ್ಮಾರ್ಟ್‌ಗಳಾಗುತ್ತವೆ. ಹೋಲಿಕೆಯ ಅರ್ಥ ಪದದೊಳಗೇ ಇರುವುದರಿಂದ ಇವುಗಳ ನಂತರ 'ದ್ಯಾನ್' ಬರಕೂಡದು. ಕನ್ನಡದ '-ಗಿಂತ' ಮನಸ್ಸಿನಲ್ಲಿಟ್ಟುಕೊಂಡು ಬರೆಯುವವರು ಅದನ್ನು ತುರುಕಿಬಿಡುತ್ತಾರೆ. ಔಟ್‌ರನ್‌ನ ಭೂತಕಾಲದ ರೂಪ ಔಟ್‌ರ್‍ಯಾನ್ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಔಟ್‌ಪೇಸ್ ಈಗ ಸ್ಪಷ್ಟವಾಯಿತು. ಹಾಗಾದರೆ ಓಡುತ್ತಾ ಒಬ್ಬರನ್ನು ಹಿಂದಿಕ್ಕುವುದಕ್ಕೆ ಔಟ್‌ರನ್ ಎನ್ನಬೇಕೋ, ಓವರ್‌ಟೇಕ್ ಎನ್ನಬೇಕೋ?

ಉತ್ತರ 3

ಆ ಕ್ಷಣವನ್ನು ವರ್ಣಿಸುವುದಾದರೆ ಓವರ್‌ಟೇಕ್, ಒಟ್ಟು ಓಟದ ಫಲವನ್ನು ಹೇಳುವುದಾದರೆ ಔಟ್‌ರನ್. ಚಿರತೆಯ ಕೈಗೆ ಸಿಗದೆ ಓಡಿ ಪಾರಾದ ಜಿಂಕೆ ಚಿರತೆಯನ್ನು ಔಟ್‌ರನ್ ಮಾಡಿದೆ. ಮೊದಲಿನಿಂದ ಕೊನೆಯವರೆಗೂ ಅದು ಮುಂದೆಯೇ ಇದ್ದುದರಿಂದ ಓವರ್‌ಟೇಕ್‌ನ ಮಾತೇ ಬರುವುದಿಲ್ಲ. ಖರ್ಚು ಆದಾಯವನ್ನು ಔಟ್‌ರನ್ ಮಾಡಿತು ಎಂಬ ಪ್ರಯೋಗವೂ ಉಂಟು. ಟ್ರ್ಯಾಕಿನಲ್ಲಿ ಎದುರಾಳಿಗಿಂತ ಒಂದು ಪೂರ್ತಿ ಸುತ್ತು ಮುಂದಾಗಿ ಮತ್ತೆ ಅವರನ್ನು ದಾಟಿದರೆ ಅದಕ್ಕೆ 'ಲ್ಯಾಪ್' ಎಂಬ ಪ್ರತ್ಯೇಕ ಕ್ರಿಯಾಪದವಿದೆ.

ರಸ್ತೆಯ ಮಟ್ಟಿಗೆ, ಬ್ರಿಟನ್ನಿನಲ್ಲಿ ಓವರ್‌ಟೇಕ್ ಎನ್ನುವ ಕಡೆ ಅಮೆರಿಕದವರು ಸಾಮಾನ್ಯವಾಗಿ 'ಪಾಸ್' ಎನ್ನುತ್ತಾರೆ. ಅಲ್ಲಿನ ಫಲಕಗಳಲ್ಲಿಯೂ ಅದೇ ಪದವಿರುತ್ತದೆ. ಇನ್ನು, ಓವರ್‌ಟೇಕ್‌ನ ಎರಡು ಭಾಗಗಳನ್ನು ಹಿಂದುಮುಂದು ಮಾಡಿ 'ಟೇಕ್ ಓವರ್' ಎಂದು ಬರೆಯಬೇಡಿ. ಒಂದು ಕಂಪನಿ ಇನ್ನೊಂದನ್ನು ಓವರ್‌ಟೇಕ್ ಮಾಡಿದರೆ ವ್ಯಾಪಾರದಲ್ಲಿ ಮುಂದಾಯಿತು ಎಂದರ್ಥ. ಟೇಕ್ ಓವರ್ ಮಾಡಿದರೆ ಅದನ್ನೇ ತನ್ನ ವಶಕ್ಕೆ ತೆಗೆದುಕೊಂಡಿತು ಎಂದರ್ಥ.